ವಿಜಯಪುರದಿಂದ ಬೆಳಗಾವಿಗೆ ಹನ್ನೆರಡು ನಿಮಿಷ? ವಿಮಾನದ ದೂರ ಮತ್ತು ಸಮಯದ ಅಸಲಿ ಲೆಕ್ಕ

ವಿಜಯಪುರದ ಹೊರಗೆ ಬುರಣಾಪುರ–ಮದಭಾವಿ ಹತ್ತಿರ ವಿಮಾನ ನಿಲ್ದಾಣದ ಕೆಲಸ ಶುರುವಾದಾಗಿನಿಂದ ನಮ್ಮ ಕಡೆ ಲೆಕ್ಕ ಹಾಕುವವರು ಜಾಸ್ತಿಯಾಗಿದ್ದಾರೆ. ವಿಜಯಪುರದಿಂದ ಬೆಳಗಾವಿಗೆ ನೇರ ಗೆರೆ ಎಳೆದರೆ ಸುಮಾರು 155 ಕಿ.ಮೀ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದು ಹಿಡಿಯಿರಿ. ಭಾಗಿಸಿದರೆ ಪೂರ್ತಿ ಹನ್ನೆರಡು ನಿಮಿಷವೂ ಆಗುವುದಿಲ್ಲ. ಬಸ್ಸಿನಲ್ಲಿ ನಾಲ್ಕು ತಾಸಿಗೂ ಮಿಕ್ಕಿದ ದಾರಿ ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ ಅಂದರೆ ಯಾರಿಗೆ ಬೇಡ?

ಗಣಿತದಲ್ಲಿ ತಪ್ಪಿಲ್ಲ. ಆದರೆ ಆ ಹನ್ನೆರಡು ನಿಮಿಷ ಯಾರ ಕೈಗೂ ಸಿಗುವುದಿಲ್ಲ. ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನ ಓಡಿಸಲು ಯಾವ ಸಂಸ್ಥೆಯೂ ಮುಂದೆ ಬರಲಿಕ್ಕಿಲ್ಲ ಎಂಬುದು ನನ್ನ ಅಂದಾಜು. ಹಾಗಂತ ನಿಲ್ದಾಣಗಳ ನಡುವಿನ ದೂರಕ್ಕೆ ಬೆಲೆ ಇಲ್ಲ ಎಂದಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಗಳ ವಿಮಾನ ಸೌಲಭ್ಯದ ಹಣೆಬರಹ ಬರೆಯುತ್ತಿರುವುದೇ ಆ ದೂರ. ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ.

ಮೊದಲು ದೂರವನ್ನು ಹೇಗೆ ಅಳೆಯುತ್ತಾರೆ ನೋಡೋಣ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಅತಿ ಹತ್ತಿರದ ಗೆರೆ ಹುಡುಕುತ್ತಾರೆ. ಭೂಮಿ ದುಂಡಗಿರುವುದರಿಂದ ಈ ಗೆರೆ ನಕ್ಷೆಯ ಮೇಲೆ ಬಾಗಿದಂತೆ ಕಾಣುತ್ತದೆ. ದೆಹಲಿಯಿಂದ ಅಮೆರಿಕಕ್ಕೆ ಹೋಗುವಾಗ ಆ ಬಾಗು ದೊಡ್ಡದು. ಬೆಳಗಾವಿ–ಬೆಂಗಳೂರಿನಷ್ಟು ದೂರಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ, ಸ್ಕೇಲ್ ಇಟ್ಟು ಅಳೆದರೂ ನಡೆಯುತ್ತದೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹೀಗೆ ಸುಮಾರು 445 ಕಿ.ಮೀ. ಬರುತ್ತದೆ. ಪೈಲಟ್‌ಗಳ ಭಾಷೆಯಲ್ಲಿ 240 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ.

ರಸ್ತೆಯ ದೂರ ಇದಕ್ಕಿಂತ ಯಾವಾಗಲೂ ಜಾಸ್ತಿ. ಎಷ್ಟು ಜಾಸ್ತಿ ಎಂಬುದು ಊರಿಂದ ಊರಿಗೆ ಬೇರೆ. ಬೆಳಗಾವಿ–ಬೆಂಗಳೂರು ಹೆದ್ದಾರಿ ಬಹುಪಾಲು ವಿಮಾನದ ದಿಕ್ಕಿನಲ್ಲೇ ಸಾಗುತ್ತದೆ. ಹಾಗಾಗಿ 445ರ ಜಾಗದಲ್ಲಿ ಸುಮಾರು 500 ಕಿ.ಮೀ. ಆಗುತ್ತದೆ, ಅಷ್ಟೇ. ಬೆಳಗಾವಿ–ವಿಜಯಪುರದ ಕಥೆ ಬೇರೆ. ಘಟಪ್ರಭಾ ದಾಟಬೇಕು, ಕೃಷ್ಣಾ ದಾಟಬೇಕು, ಸೇತುವೆ ಇರುವ ಕಡೆಗೇ ರಸ್ತೆ ತಿರುಗಬೇಕು, ನಡುವೆ ಸಿಗುವ ಊರುಗಳನ್ನು ಹಾಯಬೇಕು. 155 ಕಿ.ಮೀ. ಗೆರೆ 200 ದಾಟುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಬಿದ್ದರೆ ಕಿಲೋಮೀಟರ್ ಲೆಕ್ಕವೇ ಮರೆತುಹೋಗುತ್ತದೆ.

ಇಲ್ಲೊಂದು ಸಣ್ಣ ಎಚ್ಚರಿಕೆ. ಮೊಬೈಲಿನಲ್ಲಿ ವಿಜಯಪುರದ ದೂರ ಹುಡುಕುವಾಗ ಯಾವ ವಿಜಯಪುರ ಎಂದು ನೋಡಿಕೊಳ್ಳಿ. ಬೆಂಗಳೂರು ನಿಲ್ದಾಣದ ಪಕ್ಕದಲ್ಲೇ, ದೇವನಹಳ್ಳಿ ತಾಲ್ಲೂಕಿನಲ್ಲಿ, ಇನ್ನೊಂದು ವಿಜಯಪುರ ಇದೆ. ಗೋಳಗುಮ್ಮಟ ಅಲ್ಲಿಲ್ಲ.

ಗಾಳಿಯಲ್ಲಿ ಎಷ್ಟು ಹೊತ್ತು?

ಇನ್ನು ಸಮಯ. 445 ಕಿ.ಮೀ. ದೂರವನ್ನು ಗಂಟೆಗೆ 830 ಕಿ.ಮೀ. ವೇಗದ ಜೆಟ್ ಸುಮಾರು 32 ನಿಮಿಷದಲ್ಲಿ ಮುಗಿಸಬೇಕು. 500 ಕಿ.ಮೀ. ವೇಗದ ಎಟಿಆರ್, ಅಂದರೆ ರೆಕ್ಕೆಗೆ ಪಂಖ ಇರುವ ವಿಮಾನ, 53 ನಿಮಿಷ ತೆಗೆದುಕೊಳ್ಳಬೇಕು. ಆದರೆ ಟಿಕೆಟ್ ಮೇಲೆ ನೋಡಿ. ಬೆಳಗಾವಿ–ಬೆಂಗಳೂರಿಗೆ ಒಂದು ತಾಸು ಹತ್ತು ನಿಮಿಷದಿಂದ ಒಂದೂವರೆ ತಾಸಿನವರೆಗೆ ಬರೆದಿರುತ್ತಾರೆ. ಈ ಹೆಚ್ಚುವರಿ ಹೊತ್ತು ಎಲ್ಲಿಂದ ಬಂತು?

ಟಿಕೆಟ್ ಮೇಲಿರುವುದು ಹಾರಾಟದ ಸಮಯ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ಕಡೆ ಚಕ್ರ ನಿಂತ ಕ್ಷಣದವರೆಗಿನ ಸಮಯ ಅದು. ಈ ಕ್ಷೇತ್ರದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಸಾಂಬ್ರಾದಲ್ಲಿ ಟರ್ಮಿನಲ್‌ನಿಂದ ರನ್‌ವೇಗೆ ಹೋಗಲು ಹೆಚ್ಚು ಹೊತ್ತು ಬೇಡ. ಸಾಲಿನಲ್ಲಿ ಮುಂದೆ ಯಾರೂ ನಿಂತಿರುವುದಿಲ್ಲ. ಬೆಂಗಳೂರಿನಲ್ಲಿ ಹಾಗಲ್ಲ. ಇಳಿದ ಮೇಲೆ ಗೇಟ್ ಸೇರುವಷ್ಟರಲ್ಲೇ ಹತ್ತು ನಿಮಿಷ ಹೋಗಬಹುದು.

ಜೆಟ್ ವಿಮಾನ 830 ಕಿ.ಮೀ. ವೇಗದಲ್ಲಿ ಓಡುವುದು ಮೇಲೆ ಹೋಗಿ ಸಮತಟ್ಟಾದ ನಂತರ ಮಾತ್ರ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮಿತಿ ಇರುತ್ತದೆ. ಏರಲು ಹದಿನೈದು–ಇಪ್ಪತ್ತು ನಿಮಿಷ, ಇಳಿಯಲು ಇಪ್ಪತ್ತು ನಿಮಿಷ. ಬೆಳಗಾವಿ–ಬೆಂಗಳೂರಿನಲ್ಲಿ ಜೆಟ್‌ಗೆ ತನ್ನ ಪೂರ್ತಿ ವೇಗ ತೋರಿಸಲು ಸಿಗುವುದು ಹೆಚ್ಚೆಂದರೆ ಹತ್ತು–ಹದಿನೈದು ನಿಮಿಷ. ಅದಕ್ಕೇ ಕಾಗದದ ಮೇಲೆ 21 ನಿಮಿಷ ಇದ್ದ ಎಟಿಆರ್–ಜೆಟ್ ವ್ಯತ್ಯಾಸ ನಿಜದಲ್ಲಿ ಹತ್ತು–ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ದೂರ ಇನ್ನೂ ಕಡಿಮೆಯಾದರೆ ವ್ಯತ್ಯಾಸ ಇನ್ನೂ ಕರಗುತ್ತದೆ. ವಿಜಯಪುರ–ಬೆಳಗಾವಿಯಂಥ 155 ಕಿ.ಮೀ.ಗೆ ಜೆಟ್ ಹಾರಿಸಿದರೆ ಏರಿ ಮುಗಿಯುವ ಮೊದಲೇ ಇಳಿಯಲು ಶುರು ಮಾಡಬೇಕಾಗುತ್ತದೆ. ಹನ್ನೆರಡು ನಿಮಿಷದ ಲೆಕ್ಕ ಬಿದ್ದುಹೋಗುವುದು ಇಲ್ಲೇ.

ಇನ್ನೊಂದು ವಿಷಯ ಬೆಂಗಳೂರಿಗೆ ಆಗಾಗ ಹೋಗುವವರ ಗಮನಕ್ಕೆ ಬಂದಿರಬಹುದು. ಒಂದೇ ವಿಮಾನ, ಒಂದೇ ದಾರಿ, ಆದರೂ ಜನವರಿಯಲ್ಲಿ ಬೇಗ ಇಳಿಯುತ್ತದೆ, ಜುಲೈನಲ್ಲಿ ಸುತ್ತು ಹೊಡೆಯುತ್ತದೆ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಗ ವಾಯವ್ಯದಿಂದ, ಅಂದರೆ ನಮ್ಮ ಕಡೆಯಿಂದ, ಬರುವ ವಿಮಾನ ನಿಲ್ದಾಣವನ್ನು ಪಕ್ಕಕ್ಕೆ ಬಿಟ್ಟು ಪೂರ್ವಕ್ಕೆ ಹೋಗಿ, ಅಲ್ಲಿಂದ ತಿರುಗಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಚಳಿಗಾಲದಲ್ಲಿ ಪೂರ್ವದ ಗಾಳಿ ಇದ್ದರೆ ಬಂದ ದಿಕ್ಕಿನಿಂದಲೇ ಇಳಿಯಬಹುದು. ಆಕಾಶದಲ್ಲಿ ದಟ್ಟಣೆ ಇದ್ದರೆ ಈ ಸುತ್ತು ಇನ್ನೂ ಉದ್ದವಾಗುತ್ತದೆ. ಸಾಂಬ್ರಾದ ರನ್‌ವೇ ಕೂಡ ಹೆಚ್ಚುಕಡಿಮೆ ಪೂರ್ವ–ಪಶ್ಚಿಮ. ಮಳೆಗಾಲದಲ್ಲಿ ಬೆಂಗಳೂರಿಗೆ ಹೊರಟ ವಿಮಾನ ಮೊದಲು ಬೆಳಗಾವಿ ಊರಿನ ಕಡೆ ಹಾರಿ ಆಮೇಲೆ ತಿರುಗುವುದು ಇದೇ ಕಾರಣಕ್ಕೆ. ಮೇಲಿನ ಗಾಳಿ ಹಿಂದಿನಿಂದ ತಳ್ಳುತ್ತದೋ ಎದುರಿಗೆ ಬರುತ್ತದೋ ಎಂಬುದು ಇಷ್ಟು ದೂರಕ್ಕೆ ನಾಲ್ಕೈದು ನಿಮಿಷದ ಆಟ ಅಷ್ಟೇ.

ಇಷ್ಟೆಲ್ಲ ಸೇರಿಸಿದ ಮೇಲೂ ಸಂಸ್ಥೆಗಳು ಟೈಮ್ ಟೇಬಲ್‌ನಲ್ಲಿ ಸ್ವಲ್ಪ ಗಾಳಿ ಬಿಟ್ಟುಕೊಂಡಿರುತ್ತವೆ. ಹೇಳಿದ ಹೊತ್ತಿಗಿಂತ ಹದಿನೈದು ನಿಮಿಷದೊಳಗೆ ತಡವಾದರೆ ಅದು ಸಮಯಕ್ಕೆ ಸರಿಯಾಗಿ ಬಂದಂತೆ ಎಂದೇ ಲೆಕ್ಕ. ‘ನಾವು ನಿಗದಿತ ಸಮಯಕ್ಕಿಂತ ಮೊದಲೇ ಇಳಿದಿದ್ದೇವೆ’ ಎಂದು ಒಳಗೆ ಘೋಷಣೆ ಕೇಳಿದಾಗ ಜಾಸ್ತಿ ಖುಷಿಪಡಬೇಡಿ.

ಮನೆಯಿಂದ ಮೆಜೆಸ್ಟಿಕ್‌ವರೆಗೆ

ಪ್ರಯಾಣಿಕನ ಗಡಿಯಾರ ಶುರುವಾಗುವುದು ಮನೆ ಬಾಗಿಲಲ್ಲಿ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ, ಬೆಂಗಳೂರಿನಲ್ಲಿ ವಿಧಾನಸೌಧದಲ್ಲೋ ಬಹುಮಹಡಿ ಕಟ್ಟಡದಲ್ಲೋ ಕೆಲಸ ಎಂದಿಟ್ಟುಕೊಳ್ಳಿ. ಮನೆಯಿಂದ ಸಾಂಬ್ರಾಕ್ಕೆ 40 ನಿಮಿಷ. ಕೌಂಟರ್ ಬೇಗ ಮುಚ್ಚುತ್ತದೆ, ತಪಾಸಣೆ ಇದೆ. ಹಾಗಾಗಿ ಒಂದೂಕಾಲು ತಾಸು ಮೊದಲೇ ಅಲ್ಲಿರಬೇಕು. ವಿಮಾನದ ಬ್ಲಾಕ್ ಟೈಮ್ ಒಂದು ತಾಸು ಇಪ್ಪತ್ತು ನಿಮಿಷ. ಬ್ಯಾಗ್ ತಗೊಂಡು ಹೊರಗೆ ಬರಲು 25 ನಿಮಿಷ. ದೇವನಹಳ್ಳಿಯಿಂದ ಮೆಜೆಸ್ಟಿಕ್ ಕಡೆಗೆ ವಾಯುವಜ್ರ ಬಸ್ಸು ಹತ್ತಿದರೆ ಒಳ್ಳೆಯ ಹೊತ್ತಿನಲ್ಲಿ ಒಂದೂಕಾಲು ತಾಸು. ಒಟ್ಟು ಐದು ತಾಸಿಗೆ ಐದು ನಿಮಿಷ ಕಡಿಮೆ. ಇದರಲ್ಲಿ ನಿಜವಾಗಿ ಗಾಳಿಯಲ್ಲಿ ಕಳೆದದ್ದು ಒಂದು ತಾಸಿನ ಹತ್ತಿರ. ಐದರಲ್ಲಿ ಒಂದು ಪಾಲು! ಉಳಿದ ನಾಲ್ಕು ಪಾಲು ನೆಲದ ಮೇಲೆ. ಜೆಟ್ ಬೇಕೋ ಎಟಿಆರ್ ಸಾಕೋ ಎಂದು ವಾದ ಮಾಡುವವರು ಈ ನಾಲ್ಕು ಪಾಲಿನ ಕಡೆ ನೋಡುವುದೇ ಇಲ್ಲ.

ಹೋಲಿಕೆಗೆ ರೈಲು ತೆಗೆದುಕೊಳ್ಳಿ. 2025ರ ಆಗಸ್ಟ್ 10ರಂದು ಶುರುವಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಸುಮಾರು ಎಂಟೂವರೆ ತಾಸು ತೆಗೆದುಕೊಳ್ಳುತ್ತದೆ. ಆದರೆ ಅದು ಹೊರಡುವುದು ಬೆಳಗಾವಿ ಊರೊಳಗಿನಿಂದ, ತಲುಪುವುದು ಮೆಜೆಸ್ಟಿಕ್ ಎದುರಿನ ನಿಲ್ದಾಣಕ್ಕೆ. ಎರಡೂ ಕಡೆಯ ಓಡಾಟ ಸೇರಿಸಿದರೂ ಒಂಬತ್ತೂವರೆ ತಾಸಿನಲ್ಲಿ ಮುಗಿಯುತ್ತದೆ. ಅಂದರೆ ವಿಮಾನ ಉಳಿಸುವುದು ನಾಲ್ಕೂವರೆ ತಾಸು. ಕಡಿಮೆಯೇನಲ್ಲ. ಆದರೆ ವಿಮಾನದ ನಿಜವಾದ ಎದುರಾಳಿ ವಂದೇ ಭಾರತ್ ಅಲ್ಲ, ರಾತ್ರಿ ಹೊರಡುವ ಸ್ಲೀಪರ್ ಬಸ್ಸು ಮತ್ತು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್. ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹತ್ತು–ಹನ್ನೊಂದು ತಾಸು ಹೋದರೂ ಕೆಲಸದ ಹೊತ್ತು ಒಂದು ನಿಮಿಷವೂ ಹೋಗಿರುವುದಿಲ್ಲ. ನಮ್ಮ ಕಡೆಯ ವ್ಯಾಪಾರಿಗಳು, ವಕೀಲರು ದಶಕಗಳಿಂದ ಮಾಡಿಕೊಂಡು ಬಂದ ಲೆಕ್ಕ ಇದು.

ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಹೊರಡುವ ವಿಮಾನ ಎಷ್ಟೇ ವೇಗವಾಗಿದ್ದರೂ ಅದರಿಂದ ಒಂದು ದಿನ ಹಾಳು. ಬೆಳಿಗ್ಗೆ ಏಳರ ಸುಮಾರಿಗೆ ಹೊರಟು, ಸಂಜೆ ಏಳರ ಮೇಲೆ ಅಲ್ಲಿಂದ ವಾಪಸ್ ಬರುವಂತಿದ್ದರೆ ಮಾತ್ರ ವಿಮಾನಕ್ಕೆ ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ. ಒಂದು ಲಾಡ್ಜ್ ಬಾಡಿಗೆ ಉಳಿಯುತ್ತದೆ, ಒಂದು ರಾತ್ರಿ ಉಳಿಯುತ್ತದೆ. ಬೆಳಗಾವಿಯಲ್ಲಿ ವಿಮಾನದ ಬಗ್ಗೆ ಆಗುವ ಗಲಾಟೆ ಬಹಳಷ್ಟು ಸಲ ಟೈಮಿಂಗ್ ಸುತ್ತಲೇ ತಿರುಗುವುದು ಇದಕ್ಕೇ.

ಸಾಂಬ್ರಾ ಸುತ್ತ ನಾಲ್ಕು ನಿಲ್ದಾಣ

ನಿಲ್ದಾಣಗಳ ನಡುವಿನ ದೂರ ನಿಜವಾಗಿ ಕಚ್ಚುವುದು ಇಲ್ಲಿ.

ಸಾಂಬ್ರಾ ನಿಲ್ದಾಣ ಉತ್ತರ ಕರ್ನಾಟಕದಲ್ಲೇ ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಈಗಲೂ ಪಕ್ಕದಲ್ಲೇ ನಮ್ಮ ವಾಯುಪಡೆಯ ತರಬೇತಿ ಶಾಲೆ ಇದೆ. ಅಲ್ಲಿಂದ ಗೆರೆ ಎಳೆಯುತ್ತಾ ಹೋಗಿ. ಹುಬ್ಬಳ್ಳಿ ನಿಲ್ದಾಣಕ್ಕೆ ಸುಮಾರು 75 ಕಿ.ಮೀ. ಗೋವಾದ ಮೋಪಾಕ್ಕೆ 82. ಕೊಲ್ಹಾಪುರದ ಉಜಳಾಯಿವಾಡಿಗೆ 96. ಗೋವಾದ ಹಳೆಯ ದಾಬೋಲಿಂಗೆ 100. ಸ್ವಲ್ಪ ಆಚೆ ಸಿಂಧುದುರ್ಗ, 118. ಅಂದರೆ ನೂರು ಕಿ.ಮೀ. ಅಂತರದೊಳಗೆ ನಾಲ್ಕು ನಿಲ್ದಾಣ. ದೇಶದಲ್ಲಿ ಇಷ್ಟು ಮಧ್ಯಮ ಗಾತ್ರದ ಊರಿಗೆ ಇಷ್ಟು ಜನ ನೆರೆಹೊರೆಯವರು ಇರುವುದು ಅಪರೂಪ.

ಹೀಗಿದ್ದಾಗ ವಿಮಾನ ಸಂಸ್ಥೆಯವರು ಏನು ಯೋಚಿಸುತ್ತಾರೆ? ಬೆಳಗಾವಿಯವರು ಕಾರು ಹತ್ತಿದರೆ ಎರಡು ತಾಸಿನಲ್ಲಿ ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿರುತ್ತಾರೆ. ಹಾಗಾದರೆ ಎರಡೂ ಕಡೆ ವಿಮಾನ ಯಾಕೆ? ಎಲ್ಲಿ ಖರ್ಚು ಕಡಿಮೆಯೋ, ಎಲ್ಲಿ ಸರ್ಕಾರದ ನೆರವು ಸಿಗುತ್ತದೋ ಅಲ್ಲಿ ನಿಲ್ಲಿಸೋಣ. ಜನ ಬರುತ್ತಾರೆ.

2018ರಲ್ಲಿ ಆದದ್ದು ಇದೇ. 2017ರ ಸೆಪ್ಟೆಂಬರ್ 14ರಂದು ಸಾಂಬ್ರಾದಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ರನ್‌ವೇ 2,300 ಮೀಟರ್‌ಗೆ ಬೆಳೆದಿತ್ತು. ಬೆಂಗಳೂರು, ಚೆನ್ನೈ, ಹೈದರಾಬಾದ್ ಎಂದು ವಿಮಾನಗಳೂ ಓಡುತ್ತಿದ್ದವು. ಎಲ್ಲ ಸರಿ ಹೋಯಿತು ಅನ್ನುವಷ್ಟರಲ್ಲಿ ಉಡಾನ್ ಬಂತು. ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ರೂಪಿಸಿದ ಯೋಜನೆ ಅದು. ಶುರುವಿನಲ್ಲಿ ಒಂದು ತಾಸಿನ ಹಾರಾಟಕ್ಕೆ ಸುಮಾರು 2,500 ರೂಪಾಯಿಯ ಮಿತಿಯಲ್ಲಿ ಒಂದಷ್ಟು ಸೀಟು ಕೊಡಬೇಕಿತ್ತು. ಅದರಿಂದ ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಆ ಅವಧಿಯಲ್ಲಿ ಆ ಮಾರ್ಗ ಬಿಡ್‌ನಲ್ಲಿ ಗೆದ್ದ ಸಂಸ್ಥೆಗೆ ಮಾತ್ರ. ಹುಬ್ಬಳ್ಳಿಗೆ ಎರಡನೇ ಸುತ್ತಿನಲ್ಲಿ ಜಾಗ ಸಿಕ್ಕಿತು. ಬೆಳಗಾವಿಯಲ್ಲಿ ಆಗಲೇ ವಿಮಾನ ಓಡುತ್ತಿತ್ತು, ಅದಕ್ಕೆ ಜಾಗ ಸಿಗಲಿಲ್ಲ. 2018ರ ಮೇ ತಿಂಗಳಲ್ಲಿ ಬೆಳಗಾವಿಯ ವಿಮಾನಗಳು 75 ಕಿ.ಮೀ. ಆಚೆಯ ಹುಬ್ಬಳ್ಳಿಗೆ ಹಾರಿಹೋದವು. ಹೊಸ ಟರ್ಮಿನಲ್ ಭಣಭಣ ಎನ್ನತೊಡಗಿತು. ಕೆಲಸ ಚೆನ್ನಾಗಿ ಮಾಡುತ್ತಿದ್ದುದಕ್ಕೇ ಶಿಕ್ಷೆ ಆದಂತೆ, ಅಲ್ವಾ?

ಜನ ಬೀದಿಗಿಳಿದರು, ಸಂಸದರ ಮೇಲೆ ಒತ್ತಡ ಬಿತ್ತು. 2019ರ ಜನವರಿಯಲ್ಲಿ ಉಡಾನ್ ಮೂರನೇ ಸುತ್ತಿನಲ್ಲಿ ಬೆಳಗಾವಿ ಸೇರಿತು. ಆಮೇಲೆ ಕಥೆ ತಿರುಗಿತು. ಕೊಲ್ಹಾಪುರ ಮೂಲದ ಸ್ಟಾರ್ ಏರ್ 50 ಸೀಟಿನ ಸಣ್ಣ ಜೆಟ್‌ಗಳನ್ನು ತಂದಿತು. ಇಂದೋರ್, ಸೂರತ್, ಅಹಮದಾಬಾದ್, ನಾಸಿಕ್, ತಿರುಪತಿ, ಮೈಸೂರು ಎಂದು ಒಂದೊಂದಾಗಿ ಊರುಗಳು ಬೋರ್ಡ್ ಮೇಲೆ ಬಂದವು. ಬೆಳಗಾವಿಯ ಮಾರವಾಡಿ, ಗುಜರಾತಿ ವ್ಯಾಪಾರಿಗಳಿಗೆ ಇದೊಂದು ಹಬ್ಬ. ಮೂರು ವರ್ಷದ ನೆರವು ಮುಗಿದ ಮೇಲೆ ಕೆಲವು ಮಾರ್ಗ ಉಳಿದವು, ಕೆಲವು ಹೋದವು. ಮೈಸೂರು ಹೋಯಿತು. ಸಾಂಬ್ರಾದಿಂದ ಮೈಸೂರಿಗೆ ಗೆರೆಯಲ್ಲಿ ಸುಮಾರು 460 ಕಿ.ಮೀ., ರೈಲಿನಲ್ಲೋ ಬಸ್ಸಿನಲ್ಲೋ ಹೋಗುವವರಿಗೆ ದಣಿವಿನ ದಾರಿ. ಉಳಿಯಬೇಕಿದ್ದ ಮಾರ್ಗ ಅದು ಎಂದು ನನಗೆ ಈಗಲೂ ಅನಿಸುತ್ತದೆ.

ಹತ್ತಿರದ ನಿಲ್ದಾಣ ಬರೀ ಶತ್ರುವೇ? ಅಲ್ಲ. ಪ್ರತಿ ವಿಮಾನವೂ ಹೊರಡುವ ಮೊದಲು, ಇಳಿಯಲು ಆಗದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಇನ್ನೊಂದು ನಿಲ್ದಾಣ ಗುರುತು ಮಾಡಿಕೊಳ್ಳುತ್ತದೆ. ಅಲ್ಲಿಗೆ ಹೋಗಲು, ಮೇಲೆ ಇನ್ನೂ ಸ್ವಲ್ಪ ಹೊತ್ತು ಸುತ್ತಲು ಬೇಕಾದ ಇಂಧನ ತುಂಬಿಕೊಂಡೇ ಹೊರಡಬೇಕು. ಬೆಳಗಾವಿಯ ಜುಲೈ ತಿಂಗಳ ಮೋಡ ಗೊತ್ತಲ್ಲ, ರನ್‌ವೇ ಕಾಣುವುದಿಲ್ಲ. ಅಂಥ ದಿನ 75 ಕಿ.ಮೀ.ಯಲ್ಲಿ ಹುಬ್ಬಳ್ಳಿ ಇರುವುದು ದೊಡ್ಡ ಆಸರೆ. ಘಟ್ಟದಿಂದ ಸ್ವಲ್ಪ ದೂರ ಇರುವುದರಿಂದ ಅಲ್ಲಿ ಮಳೆಯ ಕಾಟ ಕಡಿಮೆ. ಪರ್ಯಾಯ ನಿಲ್ದಾಣ ಹತ್ತಿರ ಇದ್ದಷ್ಟೂ ಹೊರುವ ಇಂಧನ ಕಡಿಮೆ.

ಇದೆಲ್ಲದರ ನಡುವೆ 2024ರ ಮಾರ್ಚ್ 10ರಂದು ಬೆಳಗಾವಿ, ಹುಬ್ಬಳ್ಳಿ ಎರಡಕ್ಕೂ ಒಂದೇ ದಿನ ಹೊಸ ಟರ್ಮಿನಲ್‌ಗಳ ಶಂಕುಸ್ಥಾಪನೆ ಆಯಿತು. ಧಾರವಾಡ–ಕಿತ್ತೂರು–ಬೆಳಗಾವಿ ನೇರ ರೈಲು ಮಾರ್ಗ ಮಂಜೂರಾಗಿ ವರ್ಷಗಳಾದವು, ಭೂಸ್ವಾಧೀನದಲ್ಲಿ ತೆವಳುತ್ತಿದೆ. ಅದು ಮುಗಿದ ದಿನ ಈ ಎರಡು ಊರುಗಳ ನಡುವಿನ ಹೊತ್ತು ಇನ್ನೂ ಕಡಿಮೆಯಾಗುತ್ತದೆ. ಆಗ ಎರಡು ನಿಲ್ದಾಣಗಳ ಜಗಳ ಇನ್ನೂ ಜೋರಾಗುತ್ತದೆಯೋ, ಕೆಲಸ ಹಂಚಿಕೊಳ್ಳುತ್ತವೆಯೋ ನೋಡಬೇಕು. ದೆಹಲಿ ವಿಮಾನ ಒಂದು ಕಡೆ, ಮುಂಬೈ ವಿಮಾನ ಇನ್ನೊಂದು ಕಡೆ ಎಂದು ಹಂಚಿಕೊಂಡರೆ ಇಬ್ಬರಿಗೂ ಲಾಭ. ಆದರೆ ಆ ಮಾತನ್ನು ಬೆಳಗಾವಿಯಲ್ಲಿ ಹೇಳುವ ರಾಜಕಾರಣಿ ಮುಂದಿನ ಚುನಾವಣೆ ಮರೆತುಬಿಡಬೇಕು.

ವಿಜಯಪುರ ಉಳಿಸುವುದು ಆಕಾಶವನ್ನಲ್ಲ, ರಸ್ತೆಯನ್ನು

ಈಗ ವಿಜಯಪುರಕ್ಕೆ ಬರೋಣ. ಹೊಸ ನಿಲ್ದಾಣಗಳಿಗಾಗಿ 2008ರಲ್ಲಿ ಬಂದ ಕೇಂದ್ರದ ನೀತಿಯಲ್ಲಿ ಒಂದು ಸಂಖ್ಯೆ ಇದೆ: 150 ಕಿ.ಮೀ. ಈಗಾಗಲೇ ಇರುವ ನಾಗರಿಕ ನಿಲ್ದಾಣದಿಂದ ನೇರ ಗೆರೆಯಲ್ಲಿ ಅಷ್ಟು ದೂರದೊಳಗೆ ಹೊಸದು ಬಂದರೆ ಹಳೆಯದರ ಮೇಲೆ ಏನು ಪರಿಣಾಮ ಎಂದು ನೋಡಿ, ಒಂದೊಂದು ಪ್ರಕರಣವಾಗಿ ತೀರ್ಮಾನಿಸಬೇಕು. ವಿಜಯಪುರದಿಂದ ಬೆಳಗಾವಿ ಸುಮಾರು 155, ಗೆರೆ ದಾಟಿದೆ. ಕಲಬುರಗಿ 140ರ ಆಸುಪಾಸು, ಗೆರೆಯೊಳಗೆ. ಸೊಲ್ಲಾಪುರ ನೂರಕ್ಕೂ ಒಳಗೆ. ಗೋವಾದಲ್ಲಿ ದಾಬೋಲಿಂ ಇದ್ದೂ ಮೋಪಾ ಬಂದಿರುವುದರಿಂದ ಈ ನಿಯಮ ಬಾಗದ ಕಬ್ಬಿಣವಲ್ಲ ಎಂಬುದು ಗೊತ್ತೇ ಇದೆ. ಆದರೂ ಈ ಸಂಖ್ಯೆ ಒಂದು ವಿಷಯ ಹೇಳುತ್ತದೆ. ಎರಡು ನಿಲ್ದಾಣ ಇದಕ್ಕಿಂತ ಹತ್ತಿರ ಬಂದರೆ ಒಂದೇ ಜನರನ್ನು ಹಂಚಿಕೊಳ್ಳಬೇಕಾಗುತ್ತದೆ ಎಂಬ ಭಯ ಸರ್ಕಾರಕ್ಕೂ ಇದೆ.

2021ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದ ವಿಜಯಪುರ ನಿಲ್ದಾಣ ಮೊದಲು ಎಟಿಆರ್‌ಗಷ್ಟೇ ಸಾಕಾಗುವಂತೆ ಯೋಜಿಸಿದ್ದು. ಆಮೇಲೆ ಏರ್‌ಬಸ್ ಎ320 ಇಳಿಯುವಂತೆ ಬದಲಾಯಿತು. ಪರಿಸರ ಅನುಮತಿಯ ತೊಡಕು ಬೇರೆ ಸೇರಿತು. ರನ್‌ವೇ ಇದೆ, ವಿಮಾನ ಇಲ್ಲ ಎಂದು ಜನ ಬೇಸತ್ತಿರುವುದರಲ್ಲಿ ತಪ್ಪಿಲ್ಲ.

ಅದರಿಂದ ಎಷ್ಟು ಹೊತ್ತು ಉಳಿಯುತ್ತದೆ? ಇಲ್ಲಿ ಲೆಕ್ಕ ಚೆನ್ನಾಗಿದೆ. ಕಲಬುರಗಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 460 ಕಿ.ಮೀ. ವಿಜಯಪುರದಿಂದ ಸುಮಾರು 450. ಬೆಳಗಾವಿಯಿಂದ 445. ಮೂರೂ ಹೆಚ್ಚುಕಡಿಮೆ ಒಂದೇ! ಎಲ್ಲಿಂದ ಹತ್ತಿದರೂ ಗಾಳಿಯಲ್ಲಿ ಅಷ್ಟೇ ಹೊತ್ತು. ವ್ಯತ್ಯಾಸ ಇರುವುದು ನೆಲದ ಮೇಲೆ. ವಿಜಯಪುರದವರು ಇಂದು ಕಲಬುರಗಿಗೆ ಹೋಗಬೇಕಾದರೆ ಸುಮಾರು 160 ಕಿ.ಮೀ. ರಸ್ತೆ, ಹುಬ್ಬಳ್ಳಿಗೆ 200ರ ಹತ್ತಿರ, ಬೆಳಗಾವಿಗೆ ಅದಕ್ಕೂ ಜಾಸ್ತಿ. ಎಲ್ಲಿಗೆ ಹೋದರೂ ಮೂರು–ನಾಲ್ಕು ತಾಸು. ಊರ ಪಕ್ಕದಲ್ಲೇ ನಿಲ್ದಾಣ ಬಂದರೆ ಅದು ಅರ್ಧ ತಾಸಾಗುತ್ತದೆ. ಉಳಿಯುವ ಮೂರು ತಾಸು ಪೂರ್ತಿಯಾಗಿ ರಸ್ತೆಯದ್ದು. ಈಗ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಬಾಗಲಕೋಟೆ, ಗದಗ, ಹುಬ್ಬಳ್ಳಿ ಸುತ್ತಿಕೊಂಡು ಒಂದು ರಾತ್ರಿ ಪೂರ್ತಿ ತೆಗೆದುಕೊಳ್ಳುತ್ತದೆ. ಬೆಳಗಾವಿಯವರಿಗಿಂತ ವಿಜಯಪುರದವರಿಗೆ ವಿಮಾನದ ಅಗತ್ಯ ಜಾಸ್ತಿ ಎಂದು ನಾನು ಹೇಳುವುದು ಇದಕ್ಕೇ.

ಹೈದರಾಬಾದ್ ಕೂಡ ಮರೆಯಬಾರದು. ವಿಜಯಪುರದಿಂದ ಅಲ್ಲಿಗೆ ಗೆರೆಯಲ್ಲಿ 300 ಕಿ.ಮೀ.ಗೂ ಕಡಿಮೆ, ಮುಂಬೈಗೆ 400. ದ್ರಾಕ್ಷಿ, ಒಣದ್ರಾಕ್ಷಿ, ಇಂಡಿಯ ನಿಂಬೆ ವ್ಯಾಪಾರ ಮಾಡುವವರ ಓಡಾಟ ಬೆಂಗಳೂರಿಗಿಂತ ಮಹಾರಾಷ್ಟ್ರ, ಹೈದರಾಬಾದ್ ಕಡೆ ಜಾಸ್ತಿ. ಹಣ್ಣು ವಿಮಾನದಲ್ಲಿ ಹೋಗುವುದಿಲ್ಲ, ಲಾರಿಯಲ್ಲೇ ಹೋಗುತ್ತದೆ. ವ್ಯಾಪಾರಿ ಹೋಗುತ್ತಾನೆ.

ಹಾಗಾದರೆ ವಿಜಯಪುರ–ಬೆಳಗಾವಿ ನೇರ ವಿಮಾನ? ಅದರ ಲೆಕ್ಕವನ್ನೂ ಮಾಡಿಬಿಡೋಣ. ಎಟಿಆರ್‌ನಲ್ಲಿ ಬ್ಲಾಕ್ ಟೈಮ್ ಮುಕ್ಕಾಲು ತಾಸು. ಎರಡೂ ಕಡೆ ಊರಿಂದ ನಿಲ್ದಾಣಕ್ಕೆ ಅರ್ಧರ್ಧ ತಾಸು, ಮೊದಲೇ ಹೋಗಿ ಕಾಯುವುದು ಒಂದೂಕಾಲು ತಾಸು, ಕೊನೆಗೆ ಬ್ಯಾಗಿಗೆ ಹದಿನೈದು ನಿಮಿಷ. ಮೂರೂಕಾಲು ತಾಸು ಆಯಿತು. ಕಾರಿನಲ್ಲಿ ನಾಲ್ಕು. ಮುಕ್ಕಾಲು ತಾಸು ಉಳಿಸಲು ಯಾರು ಎಷ್ಟು ಕೊಡುತ್ತಾರೆ? ಸಂಸ್ಥೆಯ ಕಡೆಯಿಂದ ನೋಡಿದರೆ ಇನ್ನೂ ಕಷ್ಟ. ವಿಮಾನ ಹೆಚ್ಚು ಇಂಧನ ಸುಡುವುದು ಏರುವಾಗ. ಚಕ್ರ, ಬ್ರೇಕ್, ಲ್ಯಾಂಡಿಂಗ್ ಗೇರ್ ಸವೆಯುವುದು ಎಷ್ಟು ದೂರ ಹಾರಿತು ಎಂಬುದರಿಂದಲ್ಲ, ಎಷ್ಟು ಸಲ ಇಳಿಯಿತು ಎಂಬುದರಿಂದ. ಅದೇ ಸಿಬ್ಬಂದಿ, ಅದೇ ವಿಮಾನ ಅದೇ ಹೊತ್ತಿನಲ್ಲಿ ಬೆಂಗಳೂರಿಗೆ ಹೋಗಿದ್ದರೆ ಇದಕ್ಕಿಂತ ಹೆಚ್ಚು ಟಿಕೆಟ್ ದರ ಸಿಗುತ್ತಿತ್ತು. ಬೆಳಗಾವಿ ಅಧಿವೇಶನದ ಎರಡು ವಾರ ಬಿಟ್ಟರೆ ಆ ಸೀಟುಗಳನ್ನು ತುಂಬುವವರು ಯಾರು?

ಬಾಗಲಕೋಟೆಯವರ ಸ್ಥಿತಿ ವಿಚಿತ್ರ. ಸ್ವಂತ ನಿಲ್ದಾಣ ಇಲ್ಲ. ಆದರೆ ಆಯ್ಕೆಗಳಿಗೆ ಬರವಿಲ್ಲ. ನರಗುಂದ, ನವಲಗುಂದದ ಮೇಲೆ ಹುಬ್ಬಳ್ಳಿ ಸುಮಾರು 125 ಕಿ.ಮೀ. ಲೋಕಾಪುರ, ಯರಗಟ್ಟಿ ಮೇಲೆ ಸಾಂಬ್ರಾ 130ರ ಆಸುಪಾಸು. ಸಾಂಬ್ರಾ ಇರುವುದೇ ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲೆ. ಬಾಗಲಕೋಟೆಯಿಂದ ಬರುವವರು ಬೆಳಗಾವಿ ಊರೊಳಗೆ ಹೋಗಬೇಕಾಗಿಯೇ ಇಲ್ಲ, ಹತ್ತು ಕಿ.ಮೀ. ಮೊದಲೇ ಇಳಿಯಬಹುದು. ವಿಜಯಪುರದಲ್ಲಿ ವಿಮಾನ ಶುರುವಾದರೆ ಕೊರ್ತಿ–ಕೋಲ್ಹಾರ ಸೇತುವೆ ದಾಟಿ ನೂರು ಕಿ.ಮೀ.ಯೊಳಗೆ ಮೂರನೇ ನಿಲ್ದಾಣ. ಜಮಖಂಡಿಯವರಿಗಂತೂ ವಿಜಯಪುರವೇ ಹತ್ತಿರ. ರಬಕವಿ–ಬನಹಟ್ಟಿ, ಮುಧೋಳದವರು ಆ ದಿನದ ವಿಮಾನದ ಹೊತ್ತು, ದರ ನೋಡಿ ಯಾವ ಕಡೆಗಾದರೂ ತಿರುಗಬಹುದು. ಬೆಳಗಾವಿ ಮತ್ತು ವಿಜಯಪುರದ ನಿಲ್ದಾಣಗಳು ನಾಳೆ ಎಳೆದಾಡುವುದು ಇದೇ ಪಟ್ಟಿಯ ಪ್ರಯಾಣಿಕರನ್ನು.

ಅವರು ಯಾವ ಕಡೆ ವಾಲುತ್ತಾರೆ ಎಂಬುದು ವಿಜಯಪುರದಲ್ಲಿ ರಾತ್ರಿ ವಿಮಾನ ನಿಲ್ಲುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಬೆಳಿಗ್ಗೆ ಏಳಕ್ಕೆ ವಿಜಯಪುರದಿಂದ ವಿಮಾನ ಹೊರಡಬೇಕಾದರೆ ಹಿಂದಿನ ರಾತ್ರಿ ಅದು ಅಲ್ಲೇ ತಂಗಿರಬೇಕು. ತಂಗಬೇಕಾದರೆ ಕತ್ತಲಲ್ಲಿ ಇಳಿಸುವ ದೀಪಗಳು ಬೇಕು, ಅಷ್ಟು ಹೊತ್ತಿನವರೆಗೆ ಸಿಬ್ಬಂದಿ ಇರಬೇಕು, ಪೈಲಟ್‌ಗಳು ಉಳಿಯಲು ಊರಲ್ಲಿ ಜಾಗ ಬೇಕು, ಬೆಳಿಗ್ಗೆ ತುಂಬಲು ಇಂಧನ ಸಿಗಬೇಕು. ಇಲ್ಲದಿದ್ದರೆ ಮೊದಲ ವಿಮಾನ ಬೆಂಗಳೂರಿನಿಂದ ಬಂದು ತಿರುಗಿ ಹೊರಡುವಷ್ಟರಲ್ಲಿ ಒಂಬತ್ತೂವರೆ ಆಗುತ್ತದೆ. ಬೆಂಗಳೂರಿನ ಕಚೇರಿ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ನಿಲ್ದಾಣದ ಬಗ್ಗೆ ಸಚಿವರು, ಶಾಸಕರು ಮುಂದಿನ ಸಲ ಮಾತಾಡಿದಾಗ ಎಷ್ಟು ನಿಮಿಷದ ಹಾರಾಟ ಎಂದು ಕೇಳುವ ಬದಲು, ರಾತ್ರಿ ವಿಮಾನ ನಿಲ್ಲುತ್ತದೆಯೇ ಎಂದು ಕೇಳಿ ನೋಡಿ.